ದಪ್ಪಕ್ಷರದ ಪಾಡು

ಓದು ಬರುವವರಿಂದ ಒಂದು ಮೆಸೇಜು ಓದಿಸುವುದು ಎಷ್ಟು ಕಷ್ಟ ಅಂತ ನನ್ನನ್ನು ಕೇಳಬೇಕು. ಒಂದು ಗಲಾಟೆ ಮುಗಿಯಿತಪ್ಪ ಅಂತ ಟೀ ಲೋಟ ಕೈಗೆತ್ತಿಕೊಂಡರೆ ಇನ್ನೊಂದಕ್ಕೆ ಫೋನು ಬಂದಿರುತ್ತದೆ.

ನಾನು ಕೋಲಾರದಲ್ಲಿ ಬೆಳೆಗಾರರ ಸಂಘವೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು. ನಮ್ಮ ಕಡೆ ಒಬ್ಬರ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡೇ ಇನ್ನೊಬ್ಬರ ಟೊಮ್ಯಾಟೊ ಇರುತ್ತದೆ. ಟೊಮ್ಯಾಟೊಗೆ ಹೊಡೆದ ಔಷಧಿ ಗಾಳಿಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದು, ಆ ಸೊಪ್ಪನ್ನು ರೇಷ್ಮೆ ಹುಳು ತಿಂದರೆ ಮುಗಿಯಿತು, ಹುಳುಮನೆ ಪೂರ್ತಿ ಗುಡಿಸಿ ಹೊರಗೆ ಹಾಕಬೇಕು. ಅದಕ್ಕೇ ಸಂಘದವರು ಇಂಟರ್ನೆಟ್ಟಿನಲ್ಲಿ ಒಂದು ಬುಲೆಟಿನ್ ಬೋರ್ಡು ಮಾಡಿಸಿದರು. ಔಷಧಿ ಹೊಡೆಯುವವರು ಹಿಂದಿನ ದಿನವೇ ಅದರಲ್ಲಿ ಹಾಕಬೇಕು. ಹುಳು ಸಾಕುವವರು ಅದನ್ನು ನೋಡಿ ಮೊದಲೇ ಸೊಪ್ಪು ಕೊಯ್ದು ಇಟ್ಟುಕೊಳ್ಳಬೇಕು. ನೀವು ತೆಗೆಯದ ಮೆಸೇಜಿನ ತಲೆಬರಹ ದಪ್ಪಕ್ಷರದಲ್ಲಿ ಕಾಣುತ್ತದೆ, ತೆಗೆದ ಮೇಲೆ ಮಾಮೂಲಿ ಅಕ್ಷರ ಆಗುತ್ತದೆ. ಇಷ್ಟೇ ವಿಷಯ. ಇದನ್ನು ನನ್ನ ತಲೆಗೆ ಕಟ್ಟುವಾಗ, ಕೂತಲ್ಲೇ ಮಾಡುವ ಕೆಲಸ ಅಂದಿದ್ದರು. ಕೂತಿರುವುದೇನೋ ನಿಜ, ನೆಮ್ಮದಿಯಾಗಿ ಕೂತ ನೆನಪಿಲ್ಲ.

ಸೊರಗಿದ ಅಕ್ಷರ

ಮಾಲೂರಿನ ಕಡೆ ಲಕ್ಕೂರಿನಲ್ಲಿ ಹುಳು ಸಾಕುವ ಯಜಮಾನರೊಬ್ಬರು ಬೋರ್ಡಿಗೆ ಸೇರಿದ ಮಾರನೇ ದಿನವೇ ಫೋನ್ ಮಾಡಿದರು. ಮೆಸೇಜು ದಪ್ಪಗೆ, ಲಕ್ಷಣವಾಗಿತ್ತಂತೆ. ಇವರು ಮುಟ್ಟಿದ ತಕ್ಷಣ ಸೊರಗಿಹೋಯಿತಂತೆ. ಅದು ಹಾಗೇ ಆಗಬೇಕು, ಗಾಬರಿ ಬೇಡ ಅಂತ ಸಮಾಧಾನ ಹೇಳಿದೆ. ಸರಿ ಅಂದರು.

ಕೆಲವು ದಿನ ಆದ ಮೇಲೆ ಅವರ ಪಕ್ಕದ ತೋಟದವರು ಔಷಧಿ ಹೊಡೆಯುತ್ತೇವೆ ಅಂತ ಬೋರ್ಡಿನಲ್ಲಿ ಹಾಕಿ, ಹೇಳಿದ ದಿನವೇ ಹೊಡೆದರು. ಯಜಮಾನರು ಔಷಧಿ ಬಿದ್ದ ಸೊಪ್ಪನ್ನೇ ಕೊಯ್ದು ತಂದರು. ಸೊಸೆಗೆ ವಾಸನೆ ಬಂದು, ಅಷ್ಟನ್ನೂ ತಿಪ್ಪೆಗೆ ಸುರಿದಿದ್ದರಿಂದ ಹುಳು ಬದುಕಿದವು. ಮೆಸೇಜು ನೋಡಲಿಲ್ಲವಾ ಅಂತ ನಾನು ಕೇಳಿದೆ.

"ನೋಡ್ದೆ ಕಣಮ್ಮ. ದಪ್ಪಕ್ಷರದಲ್ಲಿತ್ತು, ಮುಖ್ಯವಾದ್ದೇ ಇರ್ಬೇಕು ಅಂತ ಗೊತ್ತಾಯ್ತು. ತೆಗುದ್ರೆ ಸೊರಗೋಗ್ತದಲ್ಲ, ಅದಕ್ಕೇ ಜೋಪಾನವಾಗಿ ಹಂಗೇ ಇಟ್ಟಿದ್ದೀನಿ."

ಬೆಳಗಿನ ಕಸ

ಶ್ರೀನಿವಾಸಪುರದಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಹುಳು ಸಾಕುತ್ತಾರೆ. ಎಲ್ಲರ ಲೆಕ್ಕದಲ್ಲೂ ತೆಗೆಯದ ಮೆಸೇಜುಗಳು ರಾಶಿ ಬಿದ್ದಿದ್ದರೆ ಅವರ ಲೆಕ್ಕದಲ್ಲಿ ಒಂದೂ ಬಾಕಿ ಇರುತ್ತಿರಲಿಲ್ಲ. ಓದಿದರೆ ಮೇಷ್ಟ್ರ ಹಾಗೆ ಓದಬೇಕು ಅಂತ ಸಂಘದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೊಗಳಿದೆ. ಮೇಷ್ಟ್ರು ಎದ್ದು ನಿಂತರು. ಈ ಸಂಘದಲ್ಲಿ ನನಗೆ ಯಾರೂ ಏನೂ ತಿಳಿಸುವುದಿಲ್ಲ, ಮೊನ್ನೆ ಪಕ್ಕದವರು ಹೇಳದೆ ಕೇಳದೆ ಔಷಧಿ ಹೊಡೆದರು, ನನ್ನ ಹುಳು ಉಳಿದದ್ದು ದೇವರ ದಯೆ ಅಂತ ತರಾಟೆಗೆ ತೆಗೆದುಕೊಂಡರು.

ಪಕ್ಕದವರು ಹಾಕಿದ ಮೆಸೇಜು ಮಾತ್ರ ಅವರ ಫೋನಿನಲ್ಲೇ ಇತ್ತು, ಮಾಮೂಲಿ ಅಕ್ಷರದಲ್ಲಿ. ಬೋರ್ಡಿನ ಕೆಳಗೆ 'ಎಲ್ಲವನ್ನೂ ಓದಿದೆ' ಅಂತ ಒಂದು ಬಟನ್ ಇದೆ. ಮೇಷ್ಟ್ರು ದಿನಾ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಮೊದಲು ಅದನ್ನು ಒತ್ತುತ್ತಿದ್ದರು. ಯಾಕೆ ಸಾರ್ ಹೀಗೆ ಮಾಡಿದಿರಿ ಅಂತ ಕೇಳಿದರೆ ನನ್ನನ್ನೇ ಕ್ಲಾಸಿನಲ್ಲಿ ನಿಲ್ಲಿಸಿದ ಹಾಗೆ ನೋಡಿದರು.

"ಅಲ್ಲಮ್ಮ, ಬೆಳಗ್ಗೆ ಎದ್ದಾಗ ಬಾಗಿಲ ಮುಂದೆ ಕಸ ಬಿದ್ದಿದ್ರೆ ಗುಡಿಸ್ತೀವೋ, ಕೂತ್ಕೊಂಡು ಓದ್ತೀವೋ?"

ಶಾಲು

ಇದಾದ ಮೇಲೆ ಸಂಘದ ಅಧ್ಯಕ್ಷರಿಗೆ ರೋಷ ಬಂತು. ಯಾರು ಯಾರು ಮೆಸೇಜು ತೆಗೆದರು ಅನ್ನುವುದು ಅದರ ಕೆಳಗೇ ಹೆಸರು ಸಮೇತ ಕಾಣಿಸಲಿ ಅಂದರು. ಕಾಣಿಸುವ ಹಾಗೆ ಮಾಡಿದೆ. ಅವತ್ತಿನಿಂದ ತೆಗೆಯುತ್ತಿದ್ದವರೂ ತೆಗೆಯುವುದು ಬಿಟ್ಟರು. ನೋಡಿದ್ದು ಗೊತ್ತಾದರೆ ನಾಳೆ ಹುಳು ಸತ್ತಾಗ ಪಕ್ಕದವರ ಜೊತೆ ಜಗಳ ಆಡುವುದಕ್ಕೆ ಬಾಯಿ ಇರುವುದಿಲ್ಲವಲ್ಲ.

ಬೈರಕೂರಿನ ಒಬ್ಬ ಹೆಂಗಸಿನ ಹೆಸರು ಮಾತ್ರ ಎಲ್ಲ ಮೆಸೇಜಿನ ಕೆಳಗೂ ಬರುತ್ತಿತ್ತು. ಅಧ್ಯಕ್ಷರು ಖುಷಿಯಾಗಿ ಶಾಲು ಹೊದಿಸಿ ಸನ್ಮಾನ ಮಾಡಿಸಿದರು. ಅಸಲಿಗೆ ಓದುತ್ತಿದ್ದವಳು ಅವರ ಪಕ್ಕದ ಮನೆಯಾಕೆ. ತನ್ನ ಹೆಸರು ಬೀಳಬಾರದು ಅಂತ ದಿನಾ ಒಂದು ಲೋಟ ಮಜ್ಜಿಗೆ ನೆಪ ಮಾಡಿಕೊಂಡು ಬಂದು ಇವರ ಫೋನಿನಲ್ಲಿ ಓದಿಕೊಂಡು ಹೋಗುತ್ತಿದ್ದಳು. ಶಾಲು ಹೊದ್ದವರು ಕೆಳಗಿಳಿದು ಬಂದು ನನ್ನ ಕಿವಿಯಲ್ಲಿ ಕೇಳಿದರು.

"ಎಲ್ಲಾರೂ ಬೋರ್ಡು ಬೋರ್ಡು ಅಂತಾರಲ್ಲ ಮೇಡಮ್, ಅದನ್ನ ಯಾವ ಗೋಡೆಗೆ ತಗಲಾಕವ್ರೆ?"

ಒಂದೇ ಹೆಸರು, ಎರಡು ಒಲೆ

ಮುಳಬಾಗಿಲು ತಾಲ್ಲೂಕಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದಾರೆ. ಮನೆಯ ನಡುವೆ ಗೋಡೆ ಎಬ್ಬಿಸಿ ಭಾಗ ಆಗಿದೆ, ಹೊಲವೂ ಭಾಗ ಆಗಿದೆ. ಅಣ್ಣನದು ಟೊಮ್ಯಾಟೊ, ಅದಕ್ಕೆ ತಾಗಿ ತಮ್ಮನ ಹಿಪ್ಪುನೇರಳೆ. ಇಬ್ಬರಿಗೂ ಮಾತಿಲ್ಲ. ಭಾಗ ಆಗದೆ ಉಳಿದದ್ದು ಬೋರ್ಡಿನ ಖಾತೆ ಒಂದೇ. ಅದು ಅಪ್ಪನ ಹೆಸರಿನಲ್ಲಿರುವುದರಿಂದ ಬಿಟ್ಟುಕೊಡಲು ಯಾರೂ ತಯಾರಿಲ್ಲ. ಒಂದೇ ಖಾತೆ ಎರಡು ಫೋನಿನಲ್ಲಿದ್ದರೆ, ಅಣ್ಣ ತೆಗೆದ ಮೆಸೇಜು ತಮ್ಮನಿಗೂ ಓದಿದ್ದಾಗಿಯೇ ಕಾಣುತ್ತದೆ.

ಓದಿದ ಮೇಲೆ 'ಓದಿಲ್ಲ' ಅಂತ ಗುರುತು ಹಾಕಿ, ಇನ್ನೊಬ್ಬರಿಗೆ ದಪ್ಪಕ್ಷರದಲ್ಲಿ ಕಾಣುತ್ತದೆ ಅಂತ ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿಕೊಟ್ಟೆ. ಇಬ್ಬರೂ ಚಾಚೂ ತಪ್ಪದೆ ಮಾಡಿದರು. ಅಣ್ಣ ಓದಿ ತಮ್ಮನಿಗೆ ಬಿಟ್ಟ, ತಮ್ಮ ಓದಿ ಅಣ್ಣನಿಗೆ ಬಿಟ್ಟ, ಹೊಸದು ಬಂದಿದೆ ಅಂತ ಅಣ್ಣ ಮತ್ತೆ ಓದಿದ. ರಾಗಿ ಬಿತ್ತನೆ ಬೀಜದ ಒಂದು ಮೆಸೇಜನ್ನು ಕಟಾವಿನ ತನಕ ಓದಿದರು. ನಾನು ಸುಮ್ಮನಿದ್ದೆ. ಓದುವವರು ಇಬ್ಬರಾದರೂ ಇದ್ದಾರಲ್ಲ ಅನ್ನಿಸಿತ್ತು.

ಒಂದು ಮಧ್ಯಾಹ್ನ, ನಾಳೆ ಬೆಳಗ್ಗೆ ಔಷಧಿ ಹೊಡೆಯುತ್ತೇನೆ ಅಂತ ಅಣ್ಣ ಬೋರ್ಡಿನಲ್ಲಿ ಹಾಕಿದ. ಇದು ತಮ್ಮನ ಕಣ್ಣಿಗೆ ಬೀಳುವುದಿಲ್ಲ ಅಂತ ನನಗೆ ತಕ್ಷಣ ಹೊಳೆಯಿತು. ನೀವೇ ಬರೆದ ಮೆಸೇಜು ನಿಮಗೆ ದಪ್ಪಕ್ಷರದಲ್ಲಿ ಕಾಣುವುದಿಲ್ಲ, ಅದಕ್ಕೆ 'ಓದಿಲ್ಲ' ಅಂತ ಗುರುತು ಹಾಕುವುದಕ್ಕೂ ಬರುವುದಿಲ್ಲ, ಬರೆದವರು ಓದಿಯೇ ಇರುತ್ತಾರೆ ಅಂತ ಬೋರ್ಡಿನ ನಂಬಿಕೆ. ಖಾತೆ ಒಂದೇ ಆದ್ದರಿಂದ ಅದರ ಪಾಲಿಗೆ ತಮ್ಮನೂ ಬರೆದವನೇ. ತಮ್ಮನ ಹುಳು ನಾಲ್ಕನೇ ಜ್ವರ ದಾಟಿ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಇನ್ನೆರಡು ದಿನದಲ್ಲಿ ಗೂಡು ಕಟ್ಟುವುದಕ್ಕೆ ಬಿದಿರಿನ ಚಂದ್ರಿಕೆ ಏರುವುದರಲ್ಲಿದ್ದವು. ಗಂಡ ಹೆಂಡತಿ ಇಬ್ಬರೂ ನಿದ್ದೆಗೆಟ್ಟು ಸಾಕಿದ್ದರು. ಅವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ಅಣ್ಣನಿಗೆ ಮಾಡಿದೆ. ಬೋರ್ಡಿನಲ್ಲಿ ಹಾಕಿದ್ದೀನಲ್ಲ ಅಂದ. ತಮ್ಮನಿಗೆ ಕಾಣುವುದಿಲ್ಲ, ಹೋಗಿ ಹೇಳಿ ಅಂದೆ. ಮಾತಿಲ್ಲ ಅಂದ. ಒಂದು ದಿನ ತಡೆದು ಹೊಡೀರಿ ಅಂದರೆ, ಟೊಮ್ಯಾಟೊಗೆ ರೋಗ ಬಿದ್ದಿದೆ, ಆಗಲ್ಲ ಅಂದ. ಮಕ್ಕಳನ್ನು ಕಳಿಸಿ ಅಂದರೆ ಅವರಿಗೂ ಮಾತಿಲ್ಲ. ನನಗೆ ಸಾಕಾಗಿಹೋಯಿತು.

"ನಿಮ್ಮಿಬ್ಬರ ಕೋಪಕ್ಕೆ ಆ ಹುಳು ಏನ್ರೀ ಮಾಡಿದ್ವು?"

ಅದಕ್ಕೆ ಅವನೇ ಒಂದು ದಾರಿ ಹೇಳಿದ. "ಒಂದು ಕೆಲಸ ಮಾಡಿ ಮೇಡಮ್. ಸ್ಪೀಕರ್ ಹಾಕಿ ಗೋಡೆ ಹತ್ರ ಹಿಡೀತೀನಿ. ನೀವೇ ಜೋರಾಗಿ ಹೇಳ್ಬಿಡಿ, ಗೋಡೆ ತೆಳ್ಳಗದೆ."

ಕೋಲಾರದ ಆಫೀಸಿನಲ್ಲಿ ಎದ್ದು ನಿಂತು, ನಾಳೆ ಬೆಳಗ್ಗೆ ಔಷಧಿ ಹೊಡೀತಾರಪ್ಪೋ, ಸಂಜೆಯೊಳಗೆ ಸೊಪ್ಪು ಕೊಯ್ಕೊಳ್ಳಿ ಅಂತ ಕೂಗಿದೆ. ಪಕ್ಕದ ರೂಮಿನವರು ಬಂದು ಬಾಗಿಲಲ್ಲಿ ನಿಂತರು. ಆ ಕಡೆಯಿಂದ ಒಂದು ಕೆಮ್ಮು ಕೇಳಿಸಿತು, ಆಮೇಲೆ ಮನೆಮಾತಾದ ತೆಲುಗಿನಲ್ಲಿ ತಮ್ಮನ ದನಿ.

"ಸರೇ ಅನಿ ಚೆಪ್ಪಮ್ಮಾ."

ಸರಿಯಂತೆ ಅಂತ ಅಣ್ಣನಿಗೆ ಹೇಳಿದೆ. ಎಷ್ಟು ಹೊತ್ತಿಗೆ ಅಂತ ಕೇಳಿ ಅಂತ ಗೋಡೆಯ ಆ ಕಡೆಯಿಂದ ಬಂತು. ಹೊತ್ತು ಮೂಡಿದ ಮೇಲೆ ಅಂತ ಹೇಳಿ ಅಂತ ಈ ಕಡೆಯಿಂದ ಬಂತು. ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು, ಆದರೂ ನಾನು ಒಂದು ಸಲ ಹೇಳುವ ತನಕ ಇಬ್ಬರೂ ಕಾಯುತ್ತಿದ್ದರು. ಕೊಯ್ಯಲು ಆಳು ಸಾಲದಿದ್ದರೆ ನಮ್ಮವರನ್ನು ಕಳಿಸ್ತೀನಿ ಅಂತ ಹೇಳಿ ಅಂದ ಅಣ್ಣ. ಅದನ್ನೂ ಹೇಳಿದೆ. ಸಂಜೆಗೆ ಎರಡೂ ಮನೆಯವರು ಸೇರಿ ಸೊಪ್ಪು ಕೊಯ್ದು, ಒದ್ದೆ ಗೋಣಿ ಮುಚ್ಚಿ ಒಳಗಿಟ್ಟರಂತೆ. ಹುಳು ಒಂದೂ ಸಾಯದೆ ಗೂಡು ಕಟ್ಟಿದವು.

ಅದೆಲ್ಲ ಆಮೇಲಿನ ಮಾತು. ಅವತ್ತು ಗಂಟಲು ಕಟ್ಟಿ ನಾನು ಫೋನ್ ಇಡುವುದರಲ್ಲಿದ್ದಾಗ ಅಣ್ಣ ತಡೆದು, ದನಿ ತಗ್ಗಿಸಿ ಹೇಳಿದ.

"ಮೇಡಮ್, ಇನ್ನು ಅವನು ಓದಿದ್ದಾನೆ ಅಂತ ಗುರುತು ಹಾಕ್ಕೊಂಬಿಡಿ."