ಲಗ್ನದ ದಿನದ ಮಳೆಯ ನಕಲು

ನಮ್ಮ ಸೋದರಮಾವನಿಗೆ ದೇವರ ಮೇಲೆ ಭಕ್ತಿಯೇನೋ ಇತ್ತು. ಆದರೆ ಆ ದೇವರೇ ಮಸೂತಿ ಎಂಬ ಹಳ್ಳಿಯ ಅವರ ಮನೆ ಬಾಗಿಲಿಗೆ ಬಂದು ನಿಂತಿದ್ದರೂ, ತಾನು ದೇವರೆಂಬುದಕ್ಕೆ ಕಚೇರಿಯ ಸಹಿ-ಶಿಕ್ಕಾ ಇರುವ ನಕಲು ತೋರಿಸದೆ ಒಳಗೆ ಬರುವಂತಿರಲಿಲ್ಲ! ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ಮಾವನಿಗೆ ಸರ್ಕಾರಿ ದಫ್ತರದಿಂದ ನಕಲು ತೆಗೆಸುವ ಚಟ. ಅರ್ಜಿ ಬರೆಸಿ, ಸ್ಟಾಂಪು ಹಚ್ಚಿ, ತಾಲೂಕು ಕಚೇರಿಯ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ ಕೂತರೆಂದರೆ ಅವರಿಗೆ ಅದೇ ಹಬ್ಬ. ಅರ್ಜಿ ಬರೆಯುವ ಕೆಲಸ ನನ್ನದು. ಆಗ ನಾನು ಬಾಗೇವಾಡಿಯಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ.

ಊರಿನ ಒಬ್ಬ ಮುದುಕ ತನಗೆ ನೂರು ತುಂಬಿದೆ ಎಂದು ಹೇಳಿಕೊಂಡು ಎಲ್ಲರ ಲಗ್ನದಲ್ಲೂ ಮೊದಲ ಪಂಕ್ತಿಯಲ್ಲಿ ಕೂರುತ್ತಿದ್ದ. ಮಾವ ಸುಮ್ಮನಿರುತ್ತಾರೆಯೆ? ಜನನದ ನಕಲು ತೆಗೆಸಿ ಅವನನ್ನು ಎಪ್ಪತ್ತರ ಆಸುಪಾಸಿಗೆ ಇಳಿಸಿಬಿಟ್ಟರು. "ಮಂದಿ ಹೊಲ ಕಸಗೊಂತಾರ. ನೀ ನನ್ನ ಮೂವತ್ತು ವರ್ಷ ಕಸಗೊಂಡಿಯಲ್ಲಪಾ" ಎಂದು ಮುದುಕ ಬಹಳ ದಿನ ಗೋಳಾಡಿದ.

ಇಂಥವರ ಕೈಹಿಡಿದವಳು ನಮ್ಮ ಅತ್ತೆ. ಬ್ರಿಟಿಷರ ಕಾಲದಲ್ಲಿ, ಅವಳ ತವರಾದ ಇಂಡಿ ತಾಲೂಕಿನ ಅಗರಖೇಡದಲ್ಲಿ ಆದ ಲಗ್ನ ಅದು. ಗಂಡನ ಮನೆಗೆ ಗಾಡಿ ಹತ್ತುವಾಗ ಮಳೆ ಬಂತೆಂದು ಅತ್ತೆ, ಕೆಂಡದಂಥ ಬಿಸಿಲಿತ್ತೆಂದು ಮಾವ. ಈ ಜಗಳ ಅವರ ಸಂಸಾರದಷ್ಟೇ ಹಳೆಯದು. ಮಾವನಿಗೆ ಅದು ಬರೀ ಹಟ. ಅತ್ತೆಗೆ ಹಾಗಲ್ಲ, ಅದರಲ್ಲೊಂದು ಕೊರಗಿತ್ತು.

"ಮಗಳನ್ನ ಕಳಿಸುವಾಗ ಯಾರಪ್ಪ ಅಳೂದಿಲ್ಲ ಹೇಳು? ನಮ್ಮಪ್ಪ ಮಾತ್ರ, ಮಳಿ ಬಂತು ಲಗೂ ಹೊಂಡ್ರಿ ಅಂದ. ಹಡದ ಮಗಳಿಗಿಂತ ಮಳಿನ ದೊಡ್ಡದಾತು" ಎನ್ನುತ್ತಿದ್ದಳು. ಮಾವ ನಕ್ಕರೆ ಮಾತ್ರ, "ನಮ್ಮಪ್ಪ ಸುಳ್ಳ ಹೇಳಾಂವ ಅಲ್ಲ. ಮಳಿ ಬಂದಿತ್ತು ಅಂದ್ರ ಬಂದಿತ್ತು" ಎಂದು ಸಿಡುಕುತ್ತಿದ್ದಳು. ಕೇಳಿ ತಿಳಿಯೋಣವೆಂದರೆ ಆ ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು.

ತಾಲೂಕು ಕಚೇರಿಯ ಅಂಗಳದಲ್ಲಿ ಮಳೆ ಅಳೆದು ದಿನಾ ಬರೆದಿಡುತ್ತಾರೆ ಎಂದು ಮಾವನಿಗೆ ತಿಳಿದದ್ದು ಎಮರ್ಜೆನ್ಸಿಯ ಕಾಲದಲ್ಲಿ. ಅದಕ್ಕೆ ಸರಿಯಾಗಿ ನೌಕರರೂ ಹೊತ್ತಿಗೆ ಮುಂಚೆ ಬಂದು ಕುರ್ಚಿಯಲ್ಲಿ ಕೂರತೊಡಗಿದ್ದರು. ಮಾವನನ್ನು ಹಿಡಿಯುವವರು ಯಾರು? ನನ್ನನ್ನೂ ಎಳೆದುಕೊಂಡು ಇಂಡಿಗೆ ನಡೆದರು.

ಅಲ್ಲಿನ ಗುಮಾಸ್ತ ಅರ್ಜಿಯನ್ನು ಎರಡೆರಡು ಸಲ ಓದಿದ.

"ಇಷ್ಟು ಹಳೀ ಮಳಿ ಲೆಕ್ಕ ಯಾಕ ಬೇಕ್ರಿ? ಕೋರ್ಟಿನ್ಯಾಗ ಕೇಸ ಐತೇನು?"

"ಕೇಸ ಐತ್ರಿ. ಅಡಗಿ ಮನ್ಯಾಗ ನಡದೈತಿ."

ಗುಮಾಸ್ತ ಪೆನ್ನು ಕೆಳಗಿಟ್ಟ. "ಹಂಗಾದ್ರ ಇದು ಭಾಳ ಅರ್ಜೆಂಟ್ ಐತ್ರಿ" ಎಂದವನೇ ಎದ್ದು ದಫ್ತರ ಹುಡುಕಲು ಹೋದ. ಅವನೂ ಸಂಸಾರಸ್ಥನಿರಬೇಕು.

ಇಂಡಿಯ ನಕಲಿನಲ್ಲಿ ಆ ದಿನದ ಮಳೆ ಸೊನ್ನೆ. ಅತ್ತೆ ಒಪ್ಪಿದಳೆ? "ಇಂಡ್ಯಾಗ ಬರದಿದ್ರ ನಮ್ಮೂರಾಗೂ ಬರಬಾರದೇನು? ಮಳಿ ಏನ ತಾಲೂಕಾ ಕೇಳಿ ಬೀಳತೈತಿ?" ಎಂದಳು. ಮಾವನಿಗೆ ಅಷ್ಟೇ ಸಾಕಾಯಿತು. ಸಿಂದಗಿಗೆ ಹೋದೆವು, ಬಾಗೇವಾಡಿಯಲ್ಲೂ ಕೇಳಿದೆವು. ಮುದ್ದೇಬಿಹಾಳದ ಬಸ್ಸಿನಲ್ಲಿ ನಾನು ತಾಳ್ಮೆಗೆಟ್ಟು, "ಅಗರಖೇಡಕ್ಕೂ ಮುದ್ದೇಬಿಹಾಳಕ್ಕೂ ಏನ ಸಂಬಂಧ ಮಾವಾ?" ಎಂದೆ. "ಮೋಡ ಎಲ್ಲಿಂದ ಹೊಂಟಿತ್ತೋ ನೋಡಬೇಕಲ್ಲೋ" ಎಂದು ನನಗೇ ತಿಳಿಹೇಳಿದರು.

ಎಲ್ಲ ಕಡೆಯೂ ಸೊನ್ನೆಯೇ. ನಾಲ್ಕು ನಕಲುಗಳನ್ನು ಪಡಸಾಲೆಯಲ್ಲಿ ಹಾಸಿ ಮಾವ ನ್ಯಾಯಾಧೀಶರ ಗತ್ತಿನಲ್ಲಿ ಒಂದೊಂದಾಗಿ ಓದಿದರು. ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟಳು.

"ಎಲ್ಲೂ ಒಂದ ಹನಿ ಸೈತ ಇಲ್ಲೇನ್ರಿ?"

"ಎಲ್ಲೂ ಇಲ್ಲ. ಸೋತೆ ಅಂತ ಒಪ್ಪಗೋ."

"ಸೋತೇನ್ರಿ" ಎಂದಳು. "ಆದ್ರ ಗಾಡಿ ಹತ್ತುವಾಗ ಅಪ್ಪ ನನ್ನ ಕೈ ಹಿಡಕೊಂಡಿದ್ದ. ಮುಂಗೈಮ್ಯಾಗ ಹನಿ ಬಿದ್ದುವು. ನಾ ತೆಲಿ ಎತ್ತಿ ನೋಡೂದ್ರಾಗ ಆ ಕಡೆ ಮಾರಿ ತಿರಿವಿ, ಮಳಿ ಬಂತು ಅಂದ."

ಗೆದ್ದ ಮಾವನ ಕಣ್ಣೂ ತುಂಬಿತ್ತು.

"ಸುಳ್ಳ ಹೇಳಿದ್ದ ನೋಡ್ರಿ ನಮ್ಮಪ್ಪ" ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಅಷ್ಟು ಹಗುರಾಗಿ ಅವಳು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮಾವ ನಾಲ್ಕೂ ಹಾಳೆಗಳನ್ನು ಜೋಡಿಸಿ ಮಡಚಿದರು. ಎದ್ದು ಬಂದು ಅವಳ ಉಡಿಯಲ್ಲಿ ಹಾಕಿದರು.

"ಇಟ್ಟಗೋ. ನಿಮ್ಮಪ್ಪ ಕಳಿಸ್ಯಾನ."