ಪುಟ್ ದೆಮ್... ಮುಂದೇನು?

ಫೋನು ನುಂಗಿದ್ದು ಒಂದೇ ಒಂದು ಪದ. ಅದೂ ದೊಡ್ಡ ಪದವೇನಲ್ಲ. ಇಂಗ್ಲಿಷಿನಲ್ಲಿ ಬರೆದರೆ ಬೆರಳ ತುದಿಯಲ್ಲಿ ಮುಚ್ಚಿಹೋಗುವಂಥದ್ದು. ಆದರೆ ಅದರ ದೆಸೆಯಿಂದ ಹಾಸಿಗೆ ಕಾರ್ಖಾನೆಯ ಉಗ್ರಾಣಿಯ ಆ ದಿನ ಶುರುವಿನಲ್ಲೇ ಹಳಿ ತಪ್ಪಿತು.

ಉಗ್ರಾಣದ ಉಸ್ತುವಾರಿ ನೋಡಿಕೊಳ್ಳುತ್ತಿದ್ದುದರಿಂದ ಎಲ್ಲರೂ ಅವನನ್ನು ಉಗ್ರಾಣಿ ಎಂದೇ ಕರೆಯುತ್ತಿದ್ದರು; ಸಿಟ್ಟು ಬಂದಾಗ ಹೆಂಡತಿಯೂ. ಹತ್ತಿ ಯಾವ ಮೂಲೆಯಲ್ಲಿದೆ, ಸ್ಪ್ರಿಂಗು ಯಾವ ಅಟ್ಟದ ಮೇಲಿದೆ ಎಂದು ಅವನು ಕಣ್ಣು ಮುಚ್ಚಿ ಹೇಳಬಲ್ಲ. ಇಂಗ್ಲಿಷಿನ ಕಮ್, ಗೋ, ಪುಟ್, ಟೇಕ್‌ಗಳೂ ಅವನ ತಲೆಯಲ್ಲಿ ಸಾಕಷ್ಟು ದಾಸ್ತಾನಿದ್ದವು. ತೊಂದರೆಯೆಲ್ಲ ಅವುಗಳ ಹಿಂದೆ ಬರುವ ಅಪ್, ಡೌನ್, ಆನ್, ಆಫ್‌ಗಳದ್ದು. ಸಭ್ಯ ಬಾಡಿಗೆದಾರನೊಬ್ಬನ ಹಿಂದೆಯೇ ಬಂದು ತಳವೂರುವ ನೆಂಟರ ಹಾಗೆ, ಅವು ಬಂದ ಮೇಲೆ ಮನೆ ಮನೆಯಾಗಿ ಉಳಿಯುತ್ತಿರಲಿಲ್ಲ. ಗಿವ್ ಎಂದರೆ ಕೊಡುವುದು. ಪಕ್ಕದಲ್ಲಿ ಅಪ್ ಬಂದು ಕೂತರೆ ಬಿಟ್ಟುಬಿಡುವುದು. ಲುಕ್ ಎಂದರೆ ನೋಡುವುದು. ಆಫ್ಟರ್ ಬಂದರೆ ಜೋಪಾನ ಮಾಡುವುದು. ಹೋದ ತಿಂಗಳು ಹೊಸ ಮೇನೇಜರಮ್ಮ ಅಂಗಳದಲ್ಲಿದ್ದ ಹತ್ತಿಯನ್ನು ತೋರಿಸಿ “ಲುಕ್ ಆಫ್ಟರ್ ಇಟ್” ಎಂದಾಗ, ಆಮೇಲೆ ನೋಡು ಎಂದಿರಬೇಕೆಂದು ತಿಳಿದು ಉಗ್ರಾಣಿ ಊಟಕ್ಕೆ ಹೋಗಿದ್ದ. ಅವನು ಆಮೇಲೆ ನೋಡುವಷ್ಟರಲ್ಲಿ ಮಳೆ ಬಂದು ಹೋಗಿತ್ತು.

ಮೇನೇಜರಮ್ಮನಿಗೆ ಕನ್ನಡ ಬಾರದು. ಬೇರೆ ಊರಿಗೆ ಹೋಗಿದ್ದವರು ಅಂದು ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನಿಂದ ಫೋನು ಮಾಡಿದರು. ಆಫೀಸಿಗೆ ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ಉಗ್ರಾಣಿ ರಿಸೀವರನ್ನು ಬಿಸಿ ಪಾತ್ರೆ ಹಿಡಿದಂತೆ ಹಿಡಿದು ಕಿವಿಗಿಟ್ಟ.

“ಬೈಯರ್ಸ್ ಆರ್ ಕಮಿಂಗ್ ಅಟ್ ಇಲೆವೆನ್. ಐ ವಿಲ್ ಬಿ ಲೇಟ್,” ಎಂದರು ಮೇನೇಜರಮ್ಮ. ಆಚೆಯಿಂದ ರೈಲಿನ ಸದ್ದು, ಯಾರದೋ ಕೂಗಾಟ. ಆಮೇಲೆ ಜೋರಾಗಿ, “ಪುಟ್ ದೆಮ್—”

ಅಷ್ಟೇ. ಫೋನು ಕರ್ರೆಂದು ಸತ್ತಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಬರುವವರು ಸಾಮಾನ್ಯದವರಲ್ಲ, ಊರೂರಿನ ಹೋಟೆಲುಗಳಿಗೆ ಹಾಸಿಗೆ ಕೊಳ್ಳುವ ಕಂಪನಿಯವರು. ಅವರ ಆರ್ಡರು ಕೈತಪ್ಪಿದರೆ ಕಾರ್ಖಾನೆಯ ಅರ್ಧ ಭಾಗಕ್ಕೆ ಬೀಗ ಬೀಳುತ್ತದೆ, ಮೊದಲ ಬೀಗ ಉಗ್ರಾಣಕ್ಕೇ ಎಂದು ಕೆಲವು ದಿನಗಳಿಂದ ಗುಸುಗುಸು ನಡೆದಿತ್ತು. ಅಂಥವರನ್ನು ‘ಪುಟ್’ ಮಾಡಬೇಕು. ಆದರೆ ಹೇಗೆ?

ಮೊದಲು ಬಂದವಳು ಲೆಕ್ಕಪತ್ರ ನೋಡುವ ಲೆಕ್ಕದಕ್ಕ. ಛತ್ರಿ ಮಡಿಸುವ ಮೊದಲೇ ತೀರ್ಪು ಕೊಟ್ಟಳು.

“ಆಫೇ ಇರ್ಬೇಕು. ಪುಟ್ ದೆಮ್ ಆಫ್. ಅಂದ್ರೆ ಮುಂದಕ್ಕೆ ಹಾಕು. ಅವ್ರು ಲೇಟಾಗಿ ಬರ್ತಾರಲ್ಲ, ಅದಕ್ಕೇ ಬಂದೋರಿಗೆ ನಾಳೆ ಬನ್ನಿ ಅನ್ನು ಅಂತ.”

“ಆಫ್ ಅಂದ್ರೆ ದೀಪ ಆರಿಸೋದಲ್ವಾ ಅಕ್ಕಾ?”

“ದೀಪದ ಆಫ್ ಬೇರೆ, ಮನುಷ್ಯರ ಆಫ್ ಬೇರೆ.”

ಅಷ್ಟರಲ್ಲಿ ಲಾರಿ ಡ್ರೈವರು ಮೂಗು ತೂರಿಸಿದ. ಹಿಂದೆ ಯಾವುದೋ ದೇಶದಲ್ಲಿ ಒಂದಷ್ಟು ಕಾಲ ಲಾರಿ ಓಡಿಸಿದ್ದನೆಂದು ಅವನಿಗೆ ‘ಫಾರಿನ್’ ಎಂಬ ಹೆಸರು ಬಿದ್ದಿತ್ತು.

“ಏನಕ್ಕಾ ನೀವು! ದೂರದಿಂದ ಬಂದೋರನ್ನ ಯಾರಾದ್ರೂ ಆಫ್ ಮಾಡ್ತಾರಾ? ಪುಟ್ ಅಪ್ ಮಾಡ್ತಾರೆ. ಅಂದ್ರೆ ಮನೇಲಿ ಇಳಿಸ್ಕೊಳ್ಳೋದು.”

“ಅಪ್ ಅಂದ್ರೆ ಮೇಲಕ್ಕೆ ಅಲ್ವೇನೋ? ಮೇಲಕ್ಕೆ ಇಟ್ರೆ ಇಳಿಸ್ಕೊಂಡ ಹಾಗೆ ಹೇಗಾಗತ್ತೆ?” ಎಂದ ಉಗ್ರಾಣಿ.

“ಅದೇ ಮತ್ತೆ ಇಂಗ್ಲಿಷು ಅಂದ್ರೆ,” ಎಂದ ಫಾರಿನ್, ತಾನೇ ಆ ಭಾಷೆಯನ್ನು ಹೊಲಿದುಕೊಟ್ಟವನಂತೆ.

ಉಗ್ರಾಣಿ ಕಾಂಪೌಂಡಿನ ಹಿಂದೆಯೇ ಇದ್ದ ಕ್ವಾರ್ಟರ್ಸಿಗೆ ಓಡಿ ಹೆಂಡತಿಯನ್ನು ಕೇಳಿದ. ಅವಳು ಬಟ್ಟೆ ಹಿಂಡುತ್ತಿದ್ದಳು.

“ಪುಟ್ ಅಂದ್ರೆ ಇಡು. ಎಲ್ಲಿಡ್ಬೇಕು ಅಂತ ಕೇಳ್ಕೊಳ್ದೆ ಯಾಕೆ ಬಂದ್ರಿ? ಮನೆ ಬೀಗದ ಕೈಯೂ ಹೀಗೇ ತಾನೆ ಕಳೆದಿದ್ದು?”

ಈ ಸಲಹೆಯಿಂದ ಅವನಿಗೆ ಹೆಚ್ಚು ಪ್ರಯೋಜನವಾಗಲಿಲ್ಲ. ಸಂಬಳದ ಚೀಟಿ ಬರೆಯುವವಳು ಲೆಕ್ಕದಕ್ಕನಾದ್ದರಿಂದ ಕೊನೆಗೆ ಅವಳ ಮಾತೇ ಸರಿಯೆಂದು ತೀರ್ಮಾನಿಸಿದ.

ಹೇಳಿದ ಹೊತ್ತಿಗೆ ಸರಿಯಾಗಿ ಗೇಟಿನ ಮುಂದೆ ಕಾರು ನಿಂತಿತು. ಇಬ್ಬರು ಇಳಿದರು: ಬೂದು ಸೂಟಿನ ಸ್ಥೂಲಕಾಯದ ಒಬ್ಬರು, ಮತ್ತು ನಗುವನ್ನು ಮನೆಯಲ್ಲೇ ಬಿಟ್ಟುಬಂದಂತಿದ್ದ ಕನ್ನಡಕದ ಹೆಂಗಸೊಬ್ಬರು. ಇಬ್ಬರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿದ್ದವು. ಉಗ್ರಾಣಿ ಕೈಮುಗಿದು ಗೇಟಿಗೆ ಅಡ್ಡ ನಿಂತ.

“ಟುಡೇ ನೋ. ಟುಮಾರೋ ಕಮ್.”

ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಉಗ್ರಾಣಿ ಅಲ್ಲೇ ಇದ್ದ. ಸೂಟಿನವರು ಸಿಟ್ಟು ತಡೆದುಕೊಳ್ಳಲು ಜೇಬಿನಿಂದ ಸಿಗರೇಟು ತೆಗೆದು ಹೊತ್ತಿಸಿದರು. ಪಕ್ಕದಲ್ಲೇ ಹತ್ತಿಯ ಮೂಟೆಗಳು ಗೋಡೆಯೆತ್ತರ ನಿಂತಿದ್ದವು.

“ಲುಕ್ ಹಿಯರ್,” ಎಂದು ಅವರು ಹೊಗೆ ಬಿಟ್ಟರು. “ವಿ ಆರ್ ವೆರಿ ಪುಟ್ ಔಟ್!”

ತಮಗೆ ಬಹಳ ಬೇಸರವಾಗಿದೆ ಎಂಬುದು ಅವರ ಮಾತಿನ ಅರ್ಥ. ಆದರೆ ಗೇಟಿನ ಕಾವಲುಗಾರ ತನ್ನ ಜನ್ಮದಲ್ಲಿ ಕಲಿತ ಇಂಗ್ಲಿಷೆಂದರೆ ಬೆಂಕಿ ಆರಿಸುವ ತರಬೇತಿಯಲ್ಲಿ ಹೇಳಿಕೊಟ್ಟದ್ದು ಮಾತ್ರ. ಅದರಲ್ಲಿ ‘ಪುಟ್ ಔಟ್’ಗೆ ಒಂದೇ ಅರ್ಥ. ಅವನು ಸಿಗರೇಟು ನೋಡಿದ, ಹತ್ತಿ ನೋಡಿದ, ಗೋಡೆಯಲ್ಲಿ ತೂಗುಹಾಕಿದ್ದ ಕೆಂಪು ಸಿಲಿಂಡರು ಕಿತ್ತುಕೊಂಡ.

“ಬೇಡ್ವೋ!” ಎಂದು ಉಗ್ರಾಣಿ ಕೂಗುವಷ್ಟರಲ್ಲಿ ಕೆಲಸ ಮುಗಿದಿತ್ತು. ತರಬೇತಿ ಚೆನ್ನಾಗಿಯೇ ಆಗಿತ್ತು. ಸೂಟಿನವರು ಆಗತಾನೆ ಕ್ಷೌರದಂಗಡಿಯ ಕುರ್ಚಿಯಿಂದ ಎದ್ದುಬಂದವರಂತೆ ಅಡಿಯಿಂದ ಮುಡಿಯವರೆಗೆ ನೊರೆಯಾಗಿ ನಿಂತಿದ್ದರು. ಬಾಯಲ್ಲಿ ಸಿಗರೇಟು ಹಾಗೆಯೇ ಇತ್ತು, ಆರಿತ್ತು. ಹೊಗೆಯಿಲ್ಲದ ಕನ್ನಡಕದವರಿಗೂ ಮುನ್ನೆಚ್ಚರಿಕೆಯಾಗಿ ಒಂದು ಪಾಲು ಸಂದಿತ್ತು.

“ನಾನು ಮೊದಲೇ ಹೇಳ್ಲಿಲ್ವಾ ಪುಟ್ ಅಪ್ ಅಂತ!” ಎಂದು ಫಾರಿನ್ ಹಣೆ ಚಚ್ಚಿಕೊಂಡ.

“ಔಟ್ ಅಂತೂ ಯಾರೂ ಹೇಳಿರ್ಲಿಲ್ಲ,” ಎಂದಳು ಲೆಕ್ಕದಕ್ಕ. ಸತ್ಯಕ್ಕೆ ಅವಳು ಯಾವಾಗಲೂ ತಲೆಬಾಗುವವಳು.

ಈಗ ಪುಟ್ ಅಪ್ ಬಿಟ್ಟು ಬೇರೆ ದಾರಿಯಿರಲಿಲ್ಲ. ಮಾದರಿ ಹಾಸಿಗೆಗಳ ಕೋಣೆಯ ಬೀಗದ ಕೈ ಮೇನೇಜರಮ್ಮನ ಬಳಿ. ಉಗ್ರಾಣಿ ಇಬ್ಬರನ್ನೂ ತನ್ನ ಮನೆಗೇ ಕರೆದೊಯ್ದ. ಹೆಂಡತಿ ಒಂದು ಮಾತೂ ಆಡದೆ ಬಿಸಿನೀರು ಕೊಟ್ಟಳು, ಉಗ್ರಾಣದಿಂದ ತರಿಸಿದ ಹೊಸ ಬಿಳಿ ಹೊದಿಕೆಗಳನ್ನು ಉಡಲು ಕೊಟ್ಟಳು, ಬಟ್ಟೆ ಒಗೆದು ತಂತಿಗೆ ಹರವಿದಳು. ಆಡದೆ ಉಳಿಸಿಕೊಂಡ ಮಾತುಗಳೆಲ್ಲ ಸಂಜೆಗೆ ತನ್ನ ಪಾಲಿಗೆ ಕಾದಿವೆಯೆಂದು ಉಗ್ರಾಣಿಗೆ ಗೊತ್ತಿತ್ತು.

ಬಟ್ಟೆ ಒಣಗುವ ತನಕ ಕೂರಲೆಂದು ಒಳಕೋಣೆಯ ಹಾಸಿಗೆಯನ್ನು ಸೂಟಿನವರಿಗೂ, ಪಡಸಾಲೆಯದನ್ನು ಕನ್ನಡಕದವರಿಗೂ ಕೊಟ್ಟದ್ದಾಯಿತು. ಕೂತವರು ಒರಗಿದರು. ಒರಗಿದವರು ಮಲಗಿದರು. ಸ್ವಲ್ಪ ಹೊತ್ತಿನಲ್ಲಿ ಒಳಕೋಣೆಯಿಂದ ಒಂದು ಗೊರಕೆ ಎದ್ದಿತು. ಪಡಸಾಲೆಯದು ಅದಕ್ಕೆ ಶ್ರುತಿ ಹಿಡಿಯಿತು. ಉಗ್ರಾಣಿ ಹೊಸ್ತಿಲ ಮೇಲೆ ಕೂತು, ಬೇರೆ ಯಾವ ಕಾರ್ಖಾನೆಯಲ್ಲಿ ಕೆಲಸ ಕೇಳಬಹುದು ಎಂದು ಯೋಚಿಸತೊಡಗಿದ.

ಮಧ್ಯಾಹ್ನ ಮೇನೇಜರಮ್ಮ ಬಂದರು. ತಂತಿಯ ಮೇಲೆ ಗಾಳಿಗೆ ಕೈಬೀಸುತ್ತಿದ್ದ ಬೂದು ಸೂಟು ನೋಡಿ ನಿಂತರು. ಉಗ್ರಾಣಿ ಹೇಳಿದ, ಫಾರಿನ್ ತರ್ಜುಮೆ ಮಾಡಿದ, ಲೆಕ್ಕದಕ್ಕ ತಿದ್ದಿದಳು. ನೊರೆಯ ಭಾಗ ಬಂದಾಗ ಮೂವರೂ ಕಾವಲುಗಾರನ ಕಡೆ ಕೈತೋರಿಸಿದರು.

“ತಪ್ಪಾಯ್ತು ಮೇಡಂ,” ಎಂದ ಉಗ್ರಾಣಿ. “ಆ ಪದ ಒಂದು ಕೇಳಿಸ್ಲಿಲ್ಲ. ಪುಟ್ ದೆಮ್ ಆದ್ಮೇಲೆ ಏನಂದ್ರಿ? ಆಫಾ, ಅಪ್ಪಾ?”

ಮೇನೇಜರಮ್ಮ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡು ಏನೋ ಹೇಳಿದರು. ಫಾರಿನ್ ತರ್ಜುಮೆ ಮಾಡಿದ.

“ಡೌನ್ ಅಂದ್ರಂತೆ.”

“ಡೌನಾ? ಕೆಳಗಾ? ಅವ್ರನ್ನ ಕೆಳಗೆ ಎಲ್ಲಿ ಇಡ್ಬೇಕಿತ್ತು?”

“ಅವ್ರನ್ನಲ್ಲ ಮಾರಾಯಾ, ಸೂಟ್‌ಕೇಸ್‌ಗಳನ್ನ. ಸ್ಟೇಷನ್‌ನಲ್ಲಿ ಕೂಲಿಯವ್ನಿಗೆ ಹೇಳಿದ್ದಂತೆ, ಕೆಳಗಿಡಪ್ಪಾ ಅಂತ. ನಿಂಗೆ ಅವ್ರು ಹೇಳಿದ್ದು ಲೇಟಾಗಿ ಬರ್ತೀನಿ ಅಂತ ಮಾತ್ರ.”

ಉಗ್ರಾಣಿ ನಿಂತಲ್ಲೇ ಕುಸಿದು ಕೂತ. ಅದೇ ಹೊತ್ತಿಗೆ ಮನೆಯ ಬಾಗಿಲು ತೆರೆಯಿತು. ಬಿಳಿ ಹೊದಿಕೆ ಸುತ್ತಿಕೊಂಡ ಇಬ್ಬರೂ ಹೊರಬಂದರು. ಸೂಟಿನವರು ಹೊದಿಕೆಯ ಅಂಚನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು ಇನ್ನೊಂದು ಕೈಯಿಂದ ಮೇನೇಜರಮ್ಮನ ಕೈ ಕುಲುಕಿದರು. ಕನ್ನಡಕದವರ ಮುಖದಲ್ಲಿ ನಗುವಿನಂಥದ್ದೇನೋ ಇತ್ತು.

ಫಾರಿನ್ ಕಿವಿಗೊಟ್ಟು ಕೇಳಿ ಉಸುರಿದ: “ಇಷ್ಟು ಚೆನ್ನಾಗಿ ನಿದ್ದೆ ಮಾಡಿ ಎಷ್ಟೋ ಕಾಲ ಆಯ್ತಂತೆ. ಇಂಥ ಹಾಸಿಗೇನೇ ಬೇಕಂತೆ. ಎಲ್ಲಾ ಹೋಟೆಲಿಗೂ! ಆರ್ಡರು ನಮ್ಗೇ!”

ಉಗ್ರಾಣಿಗೆ ಹೋದ ಜೀವ ಬಂತು. ಎದ್ದು ನಿಂತು ಅಂಗಿಯ ಧೂಳು ಕೊಡವಿದ. ಮೇನೇಜರಮ್ಮ ಸಂತೋಷದಿಂದ ಒಳಗೆ ಹೋಗಿ ಹಾಸಿಗೆ ಒತ್ತಿ ನೋಡಿದರು, ಮಗುಚಿ ನೋಡಿದರು. ಕಾರ್ಖಾನೆಯ ಮುದ್ರೆ ಎಲ್ಲೂ ಕಾಣಲಿಲ್ಲ. ಇದು ಯಾವ ನಮೂನೆಯದೆಂದು ಕೇಳಿದರು. ಉಗ್ರಾಣಿ ಬಾಯಿ ತೆರೆಯುವ ಮೊದಲೇ ಹೆಂಡತಿ ಮುಂದೆ ಬಂದಳು.

“ಕಾರ್ಖಾನೇದಲ್ಲ ಅಮ್ಮಾ, ನಾನೇ ತುಂಬಿ ಹೊಲಿದಿದ್ದು. ನಿಮ್ಮ ಕಾರ್ಖಾನೆ ಹಾಸಿಗೇಲಿ ಮಲಗಿದ್ರೆ ಇವ್ರಿಗೆ ಸೊಂಟ ಹಿಡ್ಕೊಳ್ಳತ್ತೆ. ಒಂದೇ ವಾರಕ್ಕೆ ಅಟ್ಟಕ್ಕೆ ಹಾಕಿಸಿದ್ರು.”

ಫಾರಿನ್ ಈ ಒಂದು ಸಲ ಒಂದಕ್ಷರವನ್ನೂ ಬಿಡದೆ ತರ್ಜುಮೆ ಮಾಡಿದ.

ಮೇನೇಜರಮ್ಮ ಉಗ್ರಾಣಿಯನ್ನು ದೀರ್ಘವಾಗಿ ನೋಡಿದರು. ಅವನ ಹೆಂಡತಿಯನ್ನು ಇನ್ನೂ ದೀರ್ಘವಾಗಿ ನೋಡಿದರು. ಉಗ್ರಾಣದ ದೊಡ್ಡ ಶೆಡ್ಡಿನ ಕಡೆ ಕೈಮಾಡಿ, “ಫ್ರಮ್ ಟುಮಾರೋ, ಶಿ ವಿಲ್ ಟೇಕ್ ಓವರ್,” ಎಂದು ಹೇಳಿ, ಕೊಳ್ಳುವವರನ್ನು ಕರೆದುಕೊಂಡು ಆಫೀಸಿನತ್ತ ನಡೆದರು.

ಪದವೆಲ್ಲ ಈ ಸಲ ಸ್ಪಷ್ಟವಾಗಿ ಕೇಳಿಸಿತ್ತು. ಉಗ್ರಾಣಿ ಲೆಕ್ಕದಕ್ಕನ ಬಳಿ ಸರಿದ.

“ಟೇಕ್ ಅಂದ್ರೆ ತಗೊಳ್ಳೋದು, ಓವರ್ ಅಂದ್ರೆ ಮುಗೀತು. ಏನು ಮುಗೀತಕ್ಕಾ?”

“ನಿಂದು,” ಎಂದಳು ಲೆಕ್ಕದಕ್ಕ. “ಉಗ್ರಾಣ ಇನ್ಮೇಲೆ ಅವಳ ಸುಪರ್ದಿಗೆ. ಹಾಸಿಗೆ ತುಂಬೋ ಕೆಲಸ ಪೂರ್ತಿ ಅವಳದೇ. ನೀನು ಅವಳ ಕೈಕೆಳಗೆ.”

ಹೆಂಡತಿ ಆಗಲೇ ಸೆರಗು ಸಿಕ್ಕಿಸಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸುತ್ತಿದ್ದಳು.

“ರೀ, ಆ ಸ್ಪ್ರಿಂಗುಗಳನ್ನೆಲ್ಲ ಅಟ್ಟದಿಂದ ಕೆಳಗಿಳಿಸಿ, ಹಿಂದಿನ ಗೋಡೆಗೆ ಒರಗಿಸಿಡಿ. ಹತ್ತಿ ಮೂಟೆಗಳನ್ನ ಗೇಟಿನ ಹತ್ತಿರದಿಂದ ಇಲ್ಲಿಗೆ ತನ್ನಿ. ಕತ್ತಲಾಗೋದ್ರೊಳಗೆ.”

ಉಗ್ರಾಣಿ ಕೊನೆಯ ಆಸೆಯಿಂದ ಫಾರಿನ್ ಕಡೆ ತಿರುಗಿದ. ತರ್ಜುಮೆಗೆ ಏನೂ ಇಲ್ಲವೆಂದು ಫಾರಿನ್ ತಲೆಯಾಡಿಸಿದ. ಮಾತು ಸ್ವಚ್ಛ ಕನ್ನಡದಲ್ಲಿತ್ತು. ಎಲ್ಲಿಂದ ಎತ್ತಬೇಕು, ಎಲ್ಲಿಗೆ ತರಬೇಕು, ಯಾವುದಕ್ಕೆ ಒರಗಿಸಬೇಕು, ಎಷ್ಟರೊಳಗೆ ಮುಗಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ಅರ್ಥವಾಗಲಿಲ್ಲ ಎನ್ನಲು ಅವಳು ಒಂದು ವಿಭಕ್ತಿಯಷ್ಟೂ ಜಾಗ ಬಿಟ್ಟಿರಲಿಲ್ಲ.