ಅಟ್ಟದ ಕೆಳಗಿನ ಬೀದರ್

ಯಾರ ಮನೆಗೆ ಹೋದರೂ ನಾನೀಗ ಮೊದಲು ನೋಡುವುದು ಸೂರನ್ನು. ಮನೆಯವರ ಮುಖ ಆಮೇಲೆ. ಹೋಟೆಲಿನಲ್ಲಿ ಫ್ಯಾನಿನ ನೇರಕ್ಕಿರುವ ಕುರ್ಚಿ ಬಿಟ್ಟು, ಕೈ ತೊಳೆಯುವ ತೊಟ್ಟಿಯ ಪಕ್ಕದ ಒದ್ದೆ ಬೆಂಚನ್ನು ಹುಡುಕಿಕೊಂಡು ಹೋಗುತ್ತೇನೆ. ಬಸ್ಸಿನಲ್ಲಿ ನನ್ನ ತಲೆಯ ಮೇಲೆ ಯಾರಾದರೂ ಚೀಲ ಇಟ್ಟರೆ ಅದರೊಳಗೆ ಏನಿದೆ ಎಂದು ವಿಚಾರಿಸುತ್ತೇನೆ. ಮೊನ್ನೆ ಒಬ್ಬ ಹೆಂಗಸು, "ಬಾಂಬಿಲ್ಲ ಕಣಪ್ಪ, ಬದನೆಕಾಯಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. ಹೇಳಲಿ. ಬದನೆಕಾಯಿ ತಲೆಯ ಮೇಲೆ ಬಿದ್ದರೆ ಪಲ್ಯ ಕೆಡುತ್ತದೆ, ಅಷ್ಟೇ. ನನ್ನ ತಲೆಯ ಮೇಲೆ ಬೀಳಬೇಕಾಗಿದ್ದದ್ದು ತೆಂಗಿನಕಾಯಿ, ಅದೂ ಒಂದು ಅಟ್ಟದ ತುಂಬ. ಬೀಳುವಾಗ ಎದುರಿಗೆ ಒಬ್ಬ ಭಾವೀ ಸಬ್‌ಇನ್‌ಸ್ಪೆಕ್ಟರು ಮತ್ತು ಒಬ್ಬ ಭಾವೀ ಕಾನ್‌ಸ್ಟೇಬಲ್ಲು ಕೂತಿದ್ದರು. ನಾಡಿನ ಕಾನೂನು ಸುವ್ಯವಸ್ಥೆ ಇನ್ನು ಇಂಥವರ ಕೈಯಲ್ಲಿ ಎಂಬ ಯೋಚನೆ ಬಂದಾಗ ಕಾಯಿಯ ಭಯ ಇನ್ನಷ್ಟು ಹೆಚ್ಚುತ್ತದೆ.

ನನ್ನ ಮನೆ ಶೆಟ್ಟಿಕೆರೆಯಲ್ಲಿ. ಬಿ.ಕಾಂ. ಮುಗಿಸಿ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದೇನೆ. ನಮ್ಮ ಕಡೆ ಮನೆ ಕಟ್ಟುವುದು ಮನುಷ್ಯರ ವಾಸಕ್ಕೆ ಎಂದು ಹೊರಗಿನವರು ತಿಳಿದುಕೊಂಡಿರುತ್ತಾರೆ. ಮನೆ ಕಟ್ಟುವುದು ಕಾಯಿಗೆ. ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಆರಾಮವಾಗಿ ಮಲಗಿ, ಒಳಗಿನ ನೀರು ಹಿಂಗಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ; ಅಲ್ಲಿಯವರೆಗೆ ನಾವು ಕೆಳಗೆ ಬಾಡಿಗೆದಾರರ ಹಾಗೆ ಹೊಂದಿಕೊಂಡು ಇರುತ್ತೇವೆ. ಬಿದಿರಿನ ಗಳ ಹಾಸಿದ ಅಟ್ಟದ ಅಡಿಯಲ್ಲೇ ನಮ್ಮ ಊಟ, ನಿದ್ದೆ, ಹೆಣ್ಣು ನೋಡುವ ಶಾಸ್ತ್ರ, ಅಣ್ಣತಮ್ಮಂದಿರ ಪಾಲಿನ ಜಗಳ. ತಲೆಯ ಮೇಲೆ ಎಷ್ಟು ಭಾರ ತೂಗುತ್ತಿದೆ ಎಂದು ಯಾರೂ ಕತ್ತೆತ್ತಿ ನೋಡುವುದಿಲ್ಲ. "ಆ ಮೂಲೆ ಗಳ ಹುಳ ಹೊಡ್ದದೆ, ಬದಲಾಯಿಸ್ರೀ" ಎಂದು ನನ್ನ ಹೆಂಡತಿ ಗಿರಿಜೆ ಹೇಳುತ್ತಿದ್ದಳು. ಹೆಂಡತಿ ಹೇಳುವುದು ತುಂಬ ಇರುತ್ತದೆ.

ಇನ್ನು ಕಥಾನಾಯಕ ಲೋಕೇಶ. ನನ್ನ ಚಿಕ್ಕಪ್ಪನ ಮಗ. ಬಸ್ ನಿಲ್ಲುವ ಕಡೆ ಅವನದೊಂದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಸುಟ್ಟು ಕರಕಲಾದ ಮೋಟಾರೂ ಅವನು ಮುಟ್ಟಿದರೆ ತಿರುಗುತ್ತದೆ. ಬುದ್ಧಿವಂತನಾಗಿದ್ದರೆ ಅಷ್ಟಕ್ಕೇ ಸುಖವಾಗಿರುತ್ತಿದ್ದ. ಆದರೆ ಪಿಯುಸಿ ಮುಗಿಸಿದಾಗಿನಿಂದ ಅವನಿಗೆ ಖಾಕಿಯ ಹುಚ್ಚು. ಕಾನ್‌ಸ್ಟೇಬಲ್ ಪರೀಕ್ಷೆ ಕರೆದಾಗಲೆಲ್ಲ ಬರೆಯುತ್ತಾನೆ. ಒಂದು ಸಲ ಪ್ರಶ್ನೆಪತ್ರಿಕೆ ಕಷ್ಟ, ಒಂದು ಸಲ ಜ್ವರ, ಲಿಖಿತದಲ್ಲಿ ದಾಟಿದ ಒಂದೇ ಒಂದು ಸಲ ಎದೆಯ ಅಳತೆಯಲ್ಲಿ ಹೋಯಿತು. ಅಂಗಡಿಯ ಮುಂದೆ ಉಬ್ಬುತ್ತಿದ್ದಷ್ಟು ಎದೆ ಮೈದಾನದಲ್ಲಿ ಉಬ್ಬಲಿಲ್ಲ.

ಅವನ ಹೆಂಡತಿ ಸವಿತ ಡಿಗ್ರಿ ಮಾಡಿದವಳು. ಆ ಹೆಣ್ಣನ್ನು ಈ ಮನೆಗೆ ಮಾತಾಡಿದ ಪುಣ್ಯಾತ್ಮ ನಾನೇ. ಗಂಡನ ಗೈಡು ಹಿಡಿದು ಪ್ರಶ್ನೆ ಕೇಳುವುದು ಅವಳ ಕೆಲಸ. ಒಂದು ಕೈಯಲ್ಲಿ ಮುದ್ದೆ ತಿರುವುತ್ತ, ಇನ್ನೊಂದರಲ್ಲಿ ಗೈಡು ಹಿಡಿದು, ರಾಷ್ಟ್ರಪತಿಯನ್ನು ಯಾರು ಆರಿಸುತ್ತಾರೆ, ಕಪ್ಪು ಮಣ್ಣಿಗೆ ಯಾವ ಬೆಳೆ ಎಂದು ಕೇಳುತ್ತಿದ್ದಳು. ಉತ್ತರ ಹೇಳಬೇಕಾದವನ ತಲೆಗೆ ಹತ್ತಲಿಲ್ಲ. ಕೇಳಿದವಳಿಗೆ ಗೈಡು ಪೂರ್ತಿ ಬಾಯಿಗೆ ಬಂತು. ಎರಡನೇ ಕ್ಲಾಸಿನ ಮಗಳು ಧನ್ಯಾಗೂ ಬಂತು. ಕೊನೆಗೆ ಸವಿತ, "ನಾನೇ ಯಾಕೆ ಬರೀಬಾರ್ದು?" ಎಂದು ಸಬ್‌ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದಲು ಕೂತಳು. ಗಂಡ ಮೊದಲು ಖುಷಿಪಟ್ಟ. ಕೆಟ್ಟದ್ದು ಅವನ ಸೋದರಮಾವ ರಂಗಪ್ಪನ ಬಾಯಿಂದ. ಯಾವುದೋ ನಾಮಕರಣದ ಪಂಕ್ತಿಯಲ್ಲಿ ಆ ಯಜಮಾನರು, "ಲೇ ಲೋಕ, ಅವಳು ಎಸ್ಸೈ ಆಗಿ ನೀನು ಪೇದೆ ಆದ್ರೆ, ಬೆಳಿಗ್ಗೆ ಕಾಫಿ ಇಸ್ಕೊಳ್ಳಾಕೂ ಸೆಲ್ಯೂಟ್ ಹೊಡೀಬೇಕಾಯ್ತದೆ ಕಣ್ಲಾ" ಎಂದರು. ಪಂಕ್ತಿಯೆಲ್ಲ ನಕ್ಕಿತು. ಲೋಕೇಶನೂ ನಕ್ಕ. ಆಮೇಲೆ ಮನೆಯಲ್ಲಿ ನಕ್ಕದ್ದು ಕಡಿಮೆ.

ಬೇಸಿಗೆ ಬರುವುದರೊಳಗೆ ಸವಿತ ಮಗಳನ್ನು ಕರೆದುಕೊಂಡು ಹುಳಿಯಾರಿನ ತವರಿಗೆ ಹೋದಳು; ವಿಷಯ ಕೋರ್ಟಿಗೆ ಹೋಯಿತು. ತೀರ್ಮಾನವಾಗುವ ತನಕ ಮಗು ತಾಯಿಯ ಹತ್ತಿರ ಇರಲಿ, ಭಾನುವಾರ ತಂದೆ ಕರೆದುಕೊಂಡು ಹೋಗಲಿ, ತಾಲ್ಲೂಕು ಬಿಟ್ಟು ಬೇರೆ ಕಡೆ ಇರಿಸಬೇಕಾದರೆ ಇನ್ನೊಬ್ಬರ ಒಪ್ಪಿಗೆ ಬೇಕು ಎಂದಾಯಿತು. ಸವಿತಳಿಗೆ ತುಮಕೂರಿನಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಕೋಚಿಂಗ್ ಸೇರುವ ಆಸೆ. ಮಗಳನ್ನು ಬಿಟ್ಟು ಹೋಗಲಾರಳು, ಗಂಡ ಒಪ್ಪದೆ ಕರೆದುಕೊಂಡು ಹೋಗುವಂತಿಲ್ಲ, ಶಾಲೆ ಶುರುವಾಗುವ ಸಮಯ. ವಕೀಲರು, ಊರವರ ಮುಂದೆ ಮಾತಾಡಿಕೊಂಡು ಒಪ್ಪಿಗೆ ಬರೆದುಕೊಂಡು ಬನ್ನಿ ಎಂದರು. ಊರವರು ಎಂದರೆ ಓದಿದವರು ಯಾರಿದ್ದಾರೆ ಎಂದು ಹುಡುಕಿ, ಒಂದು ಭಾನುವಾರ ಗಂಡ ಹೆಂಡತಿ ಮಗಳ ಸಮೇತ ನನ್ನ ಪಡಸಾಲೆಗೆ ಬಂದು ಕೂತರು. ನನಗೂ ಒಳಗೊಳಗೆ ಹೆಮ್ಮೆಯೇ. ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದೆ.

ಲೋಕೇಶ ಶುರುಮಾಡಿದ. "ಒಪ್ಪಿದ್ರೆ ಇವಳು ತುಮಕೂರಲ್ಲೇ ನಿಂತ್ಕಂಡ್‌ಬುಡ್ತಾಳಾ ಅಣ್ಣ? ನಾಳೆ ಸೆಲೆಕ್ಟಾಗಿ ಬೀದರ್‌ಗೆ ಹಾಕಿದ್ರೆ?"

"ಬೀದರ್‌ಗೆ ಹಾಕಿದ್ರೆ ಬೀದರ್‌ಗೆ ಹೋಗ್ತೀನಿ ಭಾವ. ಕೆಲಸ ಅಂದ್ಮೇಲೆ ಹೋಗ್ದೆ ಇರಕ್ಕಾಗುತ್ತಾ?" ಎಂದು ಸವಿತ ನನ್ನ ಕಡೆ ತಿರುಗಿ ಹೇಳಿದಳು.

"ನೋಡ್ದಾ? ನನ್ನ ಮಗಳು ಬೀದರ್ ಬಿಸ್ಲಲ್ಲಿ ಒಣಗ್ಬೇಕಾ?"

ರಂಗಪ್ಪ ಎಲೆಅಡಿಕೆ ಉಗಿಯಲು ಅನುಕೂಲವಾಗಲೆಂದು ಹೊರಗೆ ಜಗಲಿಯಲ್ಲೇ ಕೂತಿದ್ದರು. ಅಲ್ಲಿಂದಲೇ, "ಅಲ್ಲಿ ಜೋಳದ ರೊಟ್ಟಿ ಕಣ್ಲಾ. ಮುದ್ದೆ ತಿನ್ನೋ ಮಗೀಗೆ ಒಗ್ತದಾ?" ಎಂದು ಕೇಳಿದರು.

"ಕ್ವಾರ್ಟರ್ಸ್ ಕೊಡ್ತಾರೆ ಮಾವ. ಮುದ್ದೆ ನಾನೇ ಮಾಡಿ ಹಾಕ್ತೀನಿ."

"ರಾತ್ರಿ ಬೀಟ್‌ಗೆ ಹೋದಾಗ ಯಾರು ಹಾಕ್ತಾರೆ? ಕಳ್ಳರಾ?" ಎಂದ ಲೋಕೇಶ.

ಪರೀಕ್ಷೆಯ ದಿನವೇ ಇನ್ನೂ ಗೊತ್ತಾಗಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಬರೆಯದ ಪರೀಕ್ಷೆ, ಸಿಗದ ಕೆಲಸ, ಕೊಡದ ಕ್ವಾರ್ಟರ್ಸು. ಅದರ ಅಡಿಗೆಮನೆಯಲ್ಲಿ ಕುದಿಯದ ಮುದ್ದೆಗೆ ಇಬ್ಬರು ವಯಸ್ಕರು ಗಂಟಲು ಹರಿದುಕೊಳ್ಳುತ್ತಿದ್ದರು. ಇದನ್ನು ತಿದ್ದಬೇಕಾದ ವಿದ್ಯಾವಂತ ನಾನು ಏನು ಹೇಳಿದೆ ಗೊತ್ತೇ? "ಬೀದರಿನಲ್ಲಿ ಒಳ್ಳೆಯ ಕೋಟೆ ಇದೆ, ರಜಾ ದಿನ ಮಗುವಿಗೆ ತೋರಿಸಬಹುದು" ಎಂದೆ. ಒಳಗಿನಿಂದ ಗಿರಿಜೆ, "ಧನ್ಯಾ ಎಲ್ರೀ? ಹಾಲು ಆರೋಗ್ತಾ ಇದೆ" ಎಂದು ಕೂಗಿದ್ದು ಕಿವಿಗೆ ಬಿತ್ತು. ಆದರೆ ನಾವು ಯಾರೂ ಶೆಟ್ಟಿಕೆರೆಯಲ್ಲಿ ಇರಲಿಲ್ಲ.

ಆಗ ಮೇಲೆ ಒಂದು ಕಾಯಿ ಉರುಳಿತು. ಇಲಿ ಎಂದುಕೊಂಡೆ. ಇನ್ನೊಂದು ಉರುಳಿತು. ಆಮೇಲೆ ಮೂಲೆಯ ಗಳ ಸಿಡಿಯಿತು. ಆ ಸದ್ದು ಈಗಲೂ, ಯಾರಾದರೂ ಹಪ್ಪಳ ಮುರಿದರೂ, ನನ್ನ ಬೆನ್ನಿನಲ್ಲಿ ಕೇಳುತ್ತದೆ. ಮಣ್ಣು ಉದುರಿತು, ಅದರ ಹಿಂದೆಯೇ ಕಾಯಿ ಸುರಿಯತೊಡಗಿತು. ನಾನು ಕೂತಿದ್ದ ಕುರ್ಚಿಯ ಕೈ ಹಾರಿಹೋದದ್ದನ್ನು ನಾನು ಕಂಡದ್ದು ಅಂಗಳದಿಂದ. ಕುರ್ಚಿಯಿಂದ ಅಂಗಳಕ್ಕೆ ಹೇಗೆ ಬಂದೆ ಎಂಬುದು ಇಂದಿಗೂ ನೆನಪಿಗೆ ಬರುತ್ತಿಲ್ಲ. ಲೋಕೇಶನೂ ಪಕ್ಕದಲ್ಲಿದ್ದ. ಧೂಳಿನೊಳಗಿಂದ, ಎಲ್ಲೋ ಎತ್ತರದಿಂದ, ಒಂದು ತೆಳ್ಳಗಿನ ಧ್ವನಿ ಬಂತು.

"ದೊಡ್ಡಪ್ಪ ಫಸ್ಟು. ಅಪ್ಪ ಸೆಕೆಂಡು."

ಧನ್ಯಾ ಗೋಡೆಯ ಹತ್ತಿರದ ತೊಲೆಯ ಮೇಲೆ ಕಾಲು ಇಳಿಬಿಟ್ಟು, ಒಂದು ಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅಪ್ಪನ ಓಟದ ಅಭ್ಯಾಸಕ್ಕೆ ದಿನಾ ಹೋಗಿ ನೋಡಿದ ಮಗು. ಯಾರು ಓಡಿದರೂ ಫಲಿತಾಂಶ ಹೇಳಿಬಿಡುತ್ತದೆ. ಅವಳ ಪಕ್ಕದಲ್ಲೇ ಉಳಿದರ್ಧ ಅಟ್ಟ ಒಂದು ಕಡೆಗೆ ವಾಲಿಕೊಂಡಿತ್ತು. ಆಗೊಂದು ಈಗೊಂದು ಕಾಯಿ ಅಂಚಿಗೆ ಬಂದು, ಯೋಚಿಸಿ, ಬೀಳುತ್ತಿತ್ತು. ಅದರ ನೇರ ಕೆಳಗೆ ಏಣಿ. ಏಣಿಯ ಬುಡದಲ್ಲಿ ಸವಿತ. ಬಾಗಿಲ ತನಕ ನಮ್ಮ ಜೊತೆ ಓಡಿಬಂದವಳು ಯಾವಾಗ ತಿರುಗಿದಳೋ ಗೊತ್ತಾಗಲಿಲ್ಲ.

ಅವಳನ್ನು ಅಲ್ಲಿ ಕಂಡು ಲೋಕೇಶ ಒಳಗೆ ನುಗ್ಗಿ ಏಣಿ ಹತ್ತಿದ. ಸವಿತ ಎರಡೂ ಕೈಯಲ್ಲಿ ಏಣಿ ಅಮುಕಿ ಹಿಡಿದು, "ಎಡಕ್ಕೆ ಇಡ್ರೀ ಕಾಲು. ಆ ಗಳ ತಡೆಯಲ್ಲ" ಎಂದಳು.

"ಗೊತ್ತು ಬುಡು."

"ಏನ್ ಗೊತ್ತು? ಎಡಕ್ಕೆ ಅಂದ್ರೆ ಬಲಕ್ಕೆ ಇಡ್ತಿದ್ದೀರ."

ಒಂದು ಕಾಯಿ ಅವನ ಹೆಗಲಿಗೆ ಬಡಿದು ಅವಳ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಇಬ್ಬರೂ ಕೈ ಬಿಡಲಿಲ್ಲ. ನಾನು ಗೇಟಿನ ಹತ್ತಿರ ನಿಂತು, "ಹುಷಾರು, ಹುಷಾರು" ಎಂದು ಮಾರ್ಗದರ್ಶನ ಮಾಡುತ್ತಿದ್ದೆ. ಮಗುವನ್ನು ಎತ್ತಿಕೊಂಡು ಅವರು ಹೊಸ್ತಿಲು ದಾಟುವುದಕ್ಕೂ ಉಳಿದ ಅಟ್ಟ ಏಣಿಯ ಸಮೇತ ಕುಸಿಯುವುದಕ್ಕೂ ಸರಿಹೋಯಿತು. ರಾತ್ರಿ ಕಣ್ಣು ಮುಚ್ಚಿದರೆ ನನ್ನ ಲೆಕ್ಕದಲ್ಲಿ ಅದು ಒಂದು ಗಳಿಗೆ ಮುಂಚೆಯೇ ಕುಸಿಯುತ್ತದೆ. ಎದ್ದು ನೀರು ಕುಡಿಯುತ್ತೇನೆ.

ಅಂಗಳದಲ್ಲಿ ಎಲ್ಲರೂ ತಲೆಯ ಮಣ್ಣು ಕೊಡವಿಕೊಂಡೆವು. ಗಿರಿಜೆ ಹಿತ್ತಲ ಬಾಗಿಲಿಂದ ಬಳಸಿಕೊಂಡು ಬಂದು ಹಾಲಿನ ಲೋಟ ಕೊಟ್ಟಳು. ಮೇಲೆ ಯಾಕೆ ಹತ್ತಿದೆ ಎಂದರೆ ಮಗು, "ಎಲ್ರೂ ಬೀದರ್ ಬೀದರ್ ಅಂತಿದ್ರಿ. ಬೇಜಾರಾಯ್ತು" ಎಂದಿತು.

"ನಿಂಗೆ ಯಾರತ್ರ ಇರ್ಬೇಕು ಅನ್ನಿಸ್ತದೆ ಪುಟ್ಟಿ?" ಎಂದು ರಂಗಪ್ಪ ಕೇಳಿದರು. ಆ ಬಾಯಿಂದ ಬಂದ ಒಂದೇ ಒಂದು ಒಳ್ಳೆಯ ಮಾತು.

"ಯಾರು ಫೇಲಾಗ್ತಾರೋ ಅವರತ್ರ" ಎಂದಳು ಧನ್ಯಾ, ಹಾಲಿನ ಮೀಸೆ ಒರೆಸಿಕೊಳ್ಳುತ್ತ. "ಪಾಸಾದವರು ಡ್ಯೂಟಿಗೆ ಹೋಗ್ಬುಡ್ತಾರೆ."

ಲೋಕೇಶನ ಮುಖ ನೋಡಬೇಕಿತ್ತು. ಇಷ್ಟು ವರ್ಷ ಬೆವರು ಸುರಿಸಿ ಗಳಿಸಿದ ನಪಾಸಿಗೆ ಮೊದಲ ಸಲ ಬೆಲೆ ಬಂದಿತ್ತು. ಮೈದಾನದಲ್ಲಿ ಉಬ್ಬದ ಎದೆ ಅಲ್ಲಿ ಉಬ್ಬಿತು. "ಹಂಗಾದ್ರೆ ನಂದೇ ಆಯ್ತಲ್ಲ ಅಣ್ಣ" ಎಂದ.

"ಇಲ್ಲ" ಎಂದಿತು ಮಗು. "ಇವತ್ತು ಅಮ್ಮ ಫೇಲು. ನೀವೆಲ್ಲ ಓಡಿದ್ರಿ. ಅಮ್ಮ ಬಾಗಿಲ ತನಕ ಹೋಗಿ ವಾಪಸ್ ಬಂದ್ಲು."

ಲೋಕೇಶ ಹೆಗಲು ಒತ್ತಿಕೊಳ್ಳುತ್ತ ಕಾಯಿಯ ರಾಶಿಯ ಕಡೆ ನೋಡಿದ. ಆಮೇಲೆ ನನ್ನ ಇಸ್ತ್ರಿ ಅಂಗಿಯ ಜೇಬಿನಿಂದ ಪೆನ್ನು ತಾನೇ ತೆಗೆದುಕೊಂಡು, ಸವಿತ ಬರೆದು ತಂದಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. "ತುಮಕೂರಿಗೆ ಮಾತ್ರ. ಬೀದರ್ ಆಮೇಲೆ ನೋಡಣ" ಎಂದ. ಸವಿತ ಗಿರಿಜೆಯನ್ನು ಕೇಳಿ ಅರಿಸಿನದ ಪುಡಿ ತಂದು ಅವನ ಕೈಗೆ ಕೊಟ್ಟಳು. ತಾನೇ ಹಚ್ಚಲಿಲ್ಲ. ಸಂಸಾರ ಸರಿಹೋಯಿತೇ ಎಂದು ಕೇಳಬೇಡಿ. ಕೇಸು ನಡೆಯುತ್ತಿದೆ. ಮಗು ತುಮಕೂರಿನ ಶಾಲೆಗೆ ಹೋಗುತ್ತಿದೆ. ಲೋಕೇಶ ಭಾನುವಾರದ ಬಸ್ಸು ಹತ್ತುವಾಗ ಗೈಡು ಮರೆಯುವುದಿಲ್ಲ. ಪ್ರಶ್ನೆ ಕೇಳುವವರು ಅಲ್ಲೇ ಇದ್ದಾರಲ್ಲ.

ನಾನು ಅಟ್ಟಕ್ಕೆ ಹೊಸ ಗಳ ಹಾಕಿಸಿದ್ದೇನೆ, ಆದರೂ ಊಟ ಜಗಲಿಯಲ್ಲೇ. ಮೊನ್ನೆ ಪಕ್ಕದ ಮನೆಯಾಕೆ ತಿಪಟೂರಿಗೆ ಹೋಗಿ ಬರುವ ತನಕ ತನ್ನ ಮಗನನ್ನು ನಮ್ಮಲ್ಲಿ ಬಿಡಲೇ ಎಂದು ಕೇಳಿದಳು. ಗಿರಿಜೆ ಹಬ್ಬಕ್ಕೆ ತವರಿಗೆ ಹೊರಟು ನಿಂತಿದ್ದಳು. "ನಾನಿಲ್ಲ ಕಣಮ್ಮ, ಇವರೊಬ್ಬರೇ ಇರೋದು" ಎಂದಳು. ಆ ಮಹಾತಾಯಿ ಒಂದು ಕ್ಷಣ ನನ್ನನ್ನು, ಒಂದು ಕ್ಷಣ ನನ್ನ ಕಾಲುಗಳನ್ನು ನೋಡಿ, ಮಗನ ಕೈ ಹಿಡಿದುಕೊಂಡು ಬಸ್ಸಿಗೆ ನಡೆದಳು. ಧನ್ಯಾಳ ಫಲಿತಾಂಶ ಊರಿಗೆಲ್ಲ ಪ್ರಕಟವಾಗಿದೆ. ಅದರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದವನ ಹತ್ತಿರ ಯಾರೂ ಮಗು ಬಿಡುವುದಿಲ್ಲ.